ಸರಿ ಉತ್ತರ ಅಳಿಸುತ್ತಿದ್ದವಳು

ಕಳೆದ ವಾರ ಬೇಲೂರಿನ ಬಸ್ಸಿನಲ್ಲಿ ಪಕ್ಕ ಕುಳಿತ ಹುಡುಗಿಯೊಬ್ಬಳು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅದೇ ಮುಲಾಮು ಬಳಿದುಕೊಂಡು ಎರಡನೇ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂರುತ್ತಿದ್ದ ನನ್ನ ವಿದ್ಯಾರ್ಥಿನಿ ಕಣ್ಣೆದುರು ಬಂದಳು.

ಏಳು ವರ್ಷದ ಹಿಂದಿನ ಮಾತು. ಹಳೇಬೀಡಿನ ಶಾಲೆಯಲ್ಲಿ ನಾನು ಆಗಲೂ ಗಣಿತವನ್ನೇ ಕಲಿಸುತ್ತಿದ್ದೆ. ಅವಳು ಬಸ್ತಿಹಳ್ಳಿಯಿಂದ ನಡೆದು ಬರುತ್ತಿದ್ದಳು. ಒಂಬತ್ತನೇ ತರಗತಿಯವರೆಗೆ ಬೋರ್ಡಿನ ಮೇಲೆ ನಾನು ಮಾಡಿದ ತಪ್ಪನ್ನೂ ನಗುತ್ತಾ ತೋರಿಸಿಕೊಡುತ್ತಿದ್ದ ಹುಡುಗಿ. ಹತ್ತಕ್ಕೆ ಬಂದ ಮೇಲೆ ಏನಾಯಿತೋ... ಅವಳ ಕಿರುಪರೀಕ್ಷೆಯ ಹಾಳೆಗಳು ರಬ್ಬರಿನಿಂದ ಉಜ್ಜಿ ಉಜ್ಜಿ ತೂತು ಬೀಳತೊಡಗಿದವು. ಬೆಳಕಿಗೆ ಹಿಡಿದು ನೋಡಿದೆ. ಅಳಿಸಿದ್ದೆಲ್ಲ ಸರಿ ಉತ್ತರವೇ.

"ಯಾಕೆ ಅಳಿಸ್ದೆ?" ಎಂದು ಕೇಳಿದೆ.

"ತಪ್ಪಿರಬೋದು ಅನ್ನಿಸ್ತು ಮಿಸ್."

ಅವಳಮ್ಮನನ್ನು ಕರೆಸಿದೆ. ಆಕೆ ಶಾಲೆಯ ಅಂಗಳದಲ್ಲಿ, ಎಲ್ಲರೆದುರೇ, "ಮೊದ್ಲು ಎಷ್ಟ್ ಚೆನ್ನಾಗಿ ಓದೋಳು. ಈಗ ಸೋಮಾರಿ ಆಗವ್ಳೆ. ಎರಡು ಬಿಗೀರಿ ಮಿಸ್, ನಾವೇನೂ ಅನ್ನಾಕಿಲ್ಲ" ಎಂದರು. ನಾನು ಹೊಡೆಯಲಿಲ್ಲ. ದಿನಾ ಸಂಜೆ ಇನ್ನೊಂದು ಪರೀಕ್ಷೆ ಕೊಟ್ಟೆ. ಅದೇ ದೊಡ್ಡ ಉಪಕಾರ ಎಂದುಕೊಂಡಿದ್ದೆ. ಅಂಕ ಮತ್ತಷ್ಟು ಇಳಿಯಿತು. ಅವಳು ಮಧ್ಯಾಹ್ನದ ಊಟ ಬಿಟ್ಟಳು, ಗೆಳತಿಯರನ್ನೂ ಬಿಟ್ಟಳು.

ಒಂದು ಸಂಜೆ ಅವಳೇ ಬಾಯಿಬಿಟ್ಟಳು. "ಪುಸ್ತಕ ತೆಗೆದ್ರೆ ಎದೆ ಡವಡವ ಅಂತೈತೆ ಮಿಸ್, ಓದಕ್ಕಾಗಲ್ಲ. ಓದ್ಲಿಲ್ಲ ಅಂತ ಅಳು ಬತ್ತೈತೆ. ಅತ್ತು ಮುಗಿಸೋ ಹೊತ್ಗೆ ಓದೋ ಟೈಮೂ ಹೋಗಿರ್ತದೆ. ಆಗ ಇನ್ನೂ ಭಯ ಆಯ್ತದೆ."

ತಿದ್ದುತ್ತಿದ್ದ ಪತ್ರಿಕೆಯಿಂದ ನಾನು ತಲೆ ಎತ್ತಲಿಲ್ಲ. "ಪರೀಕ್ಷೆ ಭಯ ಎಲ್ಲರಿಗೂ ಇರುತ್ತಮ್ಮಾ. ಮುಗಿದ ಮೇಲೆ ಸರಿಹೋಗುತ್ತೆ. ಮೊದಲು ಈ ಹತ್ತು ಲೆಕ್ಕ ಮಾಡು" ಎಂದೆ. ಮಾಡಿದಳು. ಆಮೇಲೆ ಹತ್ತನ್ನೂ ಅಳಿಸಿ, ಹಾಳೆಯನ್ನು ಮೇಜಿನ ಮೇಲಿಟ್ಟು ಹೋದಳು.

ಗಣಿತದ ಮುಖ್ಯ ಪರೀಕ್ಷೆಗೆ ಅವಳು ಬರಲಿಲ್ಲ. ಹಾಸಿಗೆಯಿಂದ ಏಳಲೇ ಇಲ್ಲವಂತೆ. ಮತ್ತೆಂದೂ ಶಾಲೆಯ ಕಡೆ ಸುಳಿಯಲಿಲ್ಲ.

ವರ್ಷದ ನಂತರ ಬಸ್ ಸ್ಟ್ಯಾಂಡಿನಲ್ಲಿ ಅವಳಮ್ಮ ಸಿಕ್ಕರು. ಮಗಳನ್ನು ಹಾಸನದಲ್ಲಿ ಮನೋವೈದ್ಯರಿಗೆ ತೋರಿಸುತ್ತಿದ್ದರು. "ಈಗ ಅಳಾದೂ ಇಲ್ಲ ಮಿಸ್. ಸುಮ್ಕೆ ಗೋಡೆ ನೋಡ್ಕೊಂಡು ಕೂತಿರ್ತಾಳೆ. ಅವಾಗ್ಲೇ ಗೊತ್ತಾಗಿದ್ರೆ ಚೆನ್ನಾಗಿತ್ತು ಅಂದ್ರು ಡಾಕ್ಟ್ರು."

ನನಗೆ ಗೊತ್ತಿತ್ತು, ಅವಳೇ ಹೇಳಿದ್ದಳು... ಎನ್ನುವ ಧೈರ್ಯ ಬರಲಿಲ್ಲ. ಮನೆಗೆ ಬರಲೇ ಎಂದು ಮಾತ್ರ ಕೇಳಿದೆ. ಆಕೆ, "ಬ್ಯಾಡಿ ಮಿಸ್. ನಿಮ್ಮ ಹೆಸ್ರು ಎತ್ತಿದ್ರೆ ನಡುಗ್ತಾಳೆ" ಎಂದರು.

ಈಗ ಅವಳಿಗೆ ಇಪ್ಪತ್ತೆರಡು ತುಂಬಿರಬೇಕು. ಭಯ ಆಗುತ್ತೆ ಅಂತ ಯಾವ ಮಗು ಬಂದರೂ ಈಗ ಪಕ್ಕ ಕೂರಿಸಿಕೊಂಡು ಪೂರ್ತಿ ಕೇಳುತ್ತೇನೆ. ಅದರಿಂದ ಅವಳಿಗೆ ಯಾವ ಪ್ರಯೋಜನವೂ ಇಲ್ಲ.