ಫಾಲಕಿಕಾ ಓದಿದರೇ ಸುದ್ದಿ

ಬೆಳಗಿನ ಐದೂಮುಕ್ಕಾಲು. ಸಾಗರದ ನಡುವಿನ ದ್ವೀಪಪಟ್ಟಣ ಮಾತಾಉಟುವಿನ ರೇಡಿಯೊ ಕೋಣೆಯಲ್ಲಿ ಫಾಲಕಿಕಾ ಎರಡು ಗುಟುಕು ಬಿಸಿನೀರು ಕುಡಿದು, ಕಿವಿಗೆ ಸಿಕ್ಕಿಸಿದ ಹೂವನ್ನು ಸರಿಮಾಡಿಕೊಂಡು ಮೈಕಿನ ಮುಂದೆ ಕೂರುತ್ತಾರೆ. "ರೇಡಿಯೊದಲ್ಲಿ ಹೂವು ಯಾರಿಗೆ ಕಾಣುತ್ತೆ ಅಕ್ಕಾ?" ಎಂದು ಯಂತ್ರ ನೋಡಿಕೊಳ್ಳುವ ಪೆಲೆನಾತೊ ಕೆಣಕುತ್ತಾನೆ. "ದನಿಗೆ ಕಾಣುತ್ತೆ ಕಣೋ, ಸುಮ್ನೆ ಗುಂಡಿ ಒತ್ತು." ಕೆಂಪು ದೀಪ ಹತ್ತುತ್ತದೆ. ಯಾರು ತೀರಿಕೊಂಡರು, ಯಾರ ಮದುವೆ, ಹಡಗು ಯಾವಾಗ? ದಿನಕ್ಕೆ ಹದಿನೈದಿಪ್ಪತ್ತು ಸುದ್ದಿ, ಎಲ್ಲವೂ ಫ್ರೆಂಚರ ಆಡಳಿತದಲ್ಲಿರುವ ಈ ಉವೆಯಾ ದ್ವೀಪದ ಸ್ವಂತ ಮಾತಿನಲ್ಲಿ. ಹೊರಗಿನವರು ಅದನ್ನು ವಾಲಿಸಿಯನ್ ಎನ್ನುತ್ತಾರೆ.

ಐವತ್ತೆಂಟರ ಫಾಲಕಿಕಾ ಇಲ್ಲಿ ಸೇರಿದ್ದು ಕಸ ಗುಡಿಸಲು. "ಶಾಲೇಲಿ ಫ್ರೆಂಚೇ ಆಡ್ಬೇಕಿತ್ತು. ಬಾಯ್ತಪ್ಪಿ ನಮ್ಮಾತು ಬಂದ್ರೆ ಅಂಗಳದ ಹುಲ್ಲು ಕೀಳೋ ಶಿಕ್ಷೆ. ಅರ್ಧ ಅಂಗಳ ನಾನೇ ಕಿತ್ತಿದೀನಿ!" ಎಂದು ನಗುತ್ತಾರೆ. ಒಂದು ದಿನ ಸುದ್ದಿ ಓದುವವರ ಗಂಟಲು ಕಟ್ಟಿತು, ಸುದ್ದಿಯ ಚೀಟಿ ಇವರ ಕೈಗೆ ಬಂತು. ಇಪ್ಪತ್ತೆರಡು ವರ್ಷವಾಯಿತು. ಆದರೆ ಈ ಮಾತು ಸುಲಭವಲ್ಲ: ಮಗು ಉಂಡರೆ ಒಂದು ಪದ, ದ್ವೀಪದ ಅರಸರು ಆರೋಗಣೆ ಮಾಡಿದರೆ ಬೇರೆಯೇ ಪದ. ಮೊದಲ ವಾರವೇ ಎಡವಿದಾಗ ಅಜ್ಜಿಯೊಬ್ಬರು ಫೋನ್ ಮಾಡಿದ್ದರು: "ಏನೇ ಹುಡುಗಿ, ಅರಸರೇನು ನಿನ್ನ ಪಕ್ಕದ್ಮನೆ ಕೂಸಾ?"

ಹೋದ ವರ್ಷ ರೇಡಿಯೊಗೆ ಹೊಸ ಅಧಿಕಾರಿಯೊಬ್ಬರು ಬಂದರು. ಫ್ರೆಂಚ್ ಎಲ್ಲರಿಗೂ ತಿಳಿಯುತ್ತದೆ, ಇನ್ನು ಅದೊಂದೇ ಸಾಕು ಎಂದರು. ಫಾಲಕಿಕಾ ಕಡತ ಜೋಡಿಸಲು ಕೂತರು. "ಮೂರು ದಿನ ಅನ್ನ ರುಚಿಸ್ಲಿಲ್ಲ."

ನಾಲ್ಕನೆಯ ದಿನ ದಕ್ಷಿಣದ ಮಾಲಾಏಫೋಊವಿನಲ್ಲಿ ಮದುವೆ. ಫ್ರೆಂಚಿನಲ್ಲಿ ಸುದ್ದಿ ಓದಲು ಬಂದಿದ್ದ ಹೊಸಬ ಆ ಉದ್ದ ಹೆಸರನ್ನು ಮೊಟಕು ಮಾಡಿ 'ಮಾಲಾಏ' ಎಂದುಬಿಟ್ಟ. ಅದು ಉತ್ತರದ ತುದಿಯ ಬೇರೆ ಊರು! ನಲವತ್ತು ಮನೆಯವರು ಸುಟ್ಟ ಹಂದಿ, ಉಡುಗೊರೆಯ ಚಾಪೆ ಹೊತ್ತು ಅಲ್ಲಿ ಇಳಿದರು. ಆ ಊರಿನವರು ಕಕ್ಕಾಬಿಕ್ಕಿಯಾದರೂ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸಲಿಲ್ಲ. ಗೆಣಸು ಬಡಿಸಿದರು, ಬೇರು ಅರೆದು ಮಾಡಿದ ಕಾವಾ ಕುಡಿಸಿದರು. ಆಮೇಲೆ ತಾವೂ ಲಾರಿ ಹತ್ತಿ, ಹಾಡುತ್ತಾ ಎಲ್ಲರೊಂದಿಗೆ ದಕ್ಷಿಣಕ್ಕೆ ಹೊರಟರು.

ಮರುದಿನ ರೇಡಿಯೊ ಬಾಗಿಲಲ್ಲಿ ಅರವತ್ತು ಜನ. ಮದುಮಗನ ಅಜ್ಜಿ ಅಧಿಕಾರಿಯ ಕೈಗೆ ಹಂದಿಮಾಂಸದ ಪೊಟ್ಟಣ ಇಟ್ಟರು. "ತಿನ್ನಪ್ಪ. ನಿನ್ನ ದೆಸೆಯಿಂದ ಎರಡೂರು ನೆಂಟರಾದ್ವು. ಆದ್ರೆ ನಾಳೆಯಿಂದ ಅವಳೇ ಓದ್ಲಿ." ಅಧಿಕಾರಿ ನಕ್ಕು ಒಪ್ಪಿಬಿಟ್ಟರು. ಈಗ ಗುರುವಾರ ಗುರುವಾರ ಫಾಲಕಿಕಾರ ಮುಂದೆ ಕೂತು ದ್ವೀಪದ ಮಾತು ಕಲಿಯುತ್ತಾ ಅವರೂ ತೊದಲುತ್ತಾರೆ.

ಏನಾದರೂ ಆಸೆಯಿದೆಯೇ ಎಂದರೆ ಫಾಲಕಿಕಾ ಚೀಟಿಗಳ ಕಟ್ಟಿನತ್ತ ನೋಡುತ್ತಾರೆ. "ಒಂದೇ ಒಂದು ದಿನ ಸಾವಿನ ಸುದ್ದಿ ಇರಬಾರ್ದು. ಬರೀ ಮದುವೆ, ಬರೀ ಹುಟ್ಟಿದ ಕೂಸುಗಳು. ಅವತ್ತು ಕೇಳಿ ನೀವು, ನನ್ನ ದನಿ ಹೆಂಗಿರುತ್ತೆ ಅಂತ!"