ಚಿಲಕವಿಲ್ಲದ ಕೋಣೆಯ ರುಕ್ಕಮ್ಮ

ರುಕ್ಕಮ್ಮನವರ ಕೋಣೆಯ ಬಾಗಿಲಿಗೆ ಚಿಲಕವಿರಲಿಲ್ಲ. ಇದ್ದದ್ದನ್ನೂ ಬಡಗಿಯನ್ನು ಕರೆಸಿ ಕೀಳಿಸಿದ್ದರು. ಗಾಳಿಗೆ ಬಾಗಿಲು ಬಡಿದುಕೊಂಡರೆ ಹಳೆಯ ರುಬ್ಬುಗುಂಡೊಂದನ್ನು ಒತ್ತಿಡುತ್ತಿದ್ದರು. "ಒಳಗ್ ಬಂದೋರ್ಗೆ ಎದ್ದು ಓಗೋ ದಾರಿ ಕಾಣ್ತಿರ್ಬೇಕು ಕಣವ್ವ. ಆಗ್ಲೇ ಮಾತು ಬರೋದು" ಅನ್ನುತ್ತಿದ್ದರು.

ತೊಂಬತ್ತರ ದಶಕದ ಮಾತು. ರುಕ್ಕಮ್ಮ ತಮಿಳುನಾಡಿನ ನಂಗವಳ್ಳಿ ಕಡೆಯ, ಕನ್ನಡ ಮನೆಮಾತಿನ ಒಕ್ಕಲು ಮನೆತನದವರು. ಸೇಲಂನಲ್ಲಿ ನರ್ಸ್ ಆಗಿದ್ದಾಗ ಕೌನ್ಸೆಲಿಂಗ್ ಕಲಿತು, ಗಂಡ ತೀರಿಕೊಂಡ ಮೇಲೆ ಧರ್ಮಪುರಿ ಹತ್ತಿರದ ನಲ್ಲಂಪಳ್ಳಿಗೆ ಬಂದು ನೆಲೆಸಿದ್ದರು. ಮನೆಯ ಹಿಂದಿನ ಆ ಕೋಣೆಯಲ್ಲಿ, ಮುರಿಯಲಿದ್ದ ಸಂಸಾರಗಳನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಮೊದಲು ಮುರುಗನ ಪಟದ ಮುಂದೆ ದೀಪ ಹಚ್ಚಿ, ಕಣ್ಮುಚ್ಚಿ, ಎಲ್ಲರಿಗೂ ಕೇಳುವಂತೆಯೇ ಬೇಡಿಕೊಳ್ಳುವರು: "ಸ್ವಾಮಿ, ನಾನು ಆತ್ರ ಬಿದ್ದು ಬುದ್ದಿ ಏಳಕ್ ಓದ್ರೆ ನನ್ ಬಾಯಿಗೆ ಅಡ್ಡ ನಿಂತ್ಕೊ." ಸ್ವಾಮಿ ನಿಜಕ್ಕೂ ಅಡ್ಡ ನಿಲ್ಲುತ್ತಿದ್ದ. ಅಷ್ಟು ಕಡಿಮೆ ಮಾತಾಡಿ ಅಷ್ಟೊಂದು ಜನರನ್ನು ಅಳಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನನ್ನನ್ನು ಕೊಟ್ಟಿದ್ದು ನನ್ನ ತಾಯಿಯ ತಮ್ಮನಿಗೇ. ಅಜ್ಜಿಯೇ ಅತ್ತೆ; ಗಂಡನನ್ನು ಕರೆಯುತ್ತಿದ್ದುದು ಮೊದಲಿನಂತೆ ಮಾವ ಅಂತಲೇ. ಬೇರೆ ಹೆಣ್ಣುಮಕ್ಕಳು ಮುನಿಸಿಕೊಂಡರೆ ತವರಿಗೆ ಹೋಗುತ್ತಾರೆ. ನಾನು ಹೋಗುವುದಾದರೂ ಎಲ್ಲಿಗೆ? ಅವ್ವನ ಹತ್ತಿರ ಅತ್ತರೆ, "ನನ್ ತಮ್ಮನ್ ಮೇಲೆ ನಂಗೇ ಚಾಡಿ ಏಳ್ತೀಯೇನೇ?" ಅನ್ನುವಳು. ಅಜ್ಜಿ ತೀರಿಕೊಂಡ ಮೇಲೆ ಮಾವನಿಗೆ ಅದೇನು ಹೊಕ್ಕಿತೋ, ಕುರಿ ಮಾರಲು ಸಂತೆಗೆ ಹೋಗುವಾಗಲೆಲ್ಲ ನನ್ನನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿಯತೊಡಗಿದ. ಊರವರು "ಎಂಡ್ತೀನ ಎಷ್ಟ್ ಜೋಪಾನ ಮಾಡ್ತಾನೆ" ಅಂದರು. ಹಾಳಾಗಿ ಹೋಗಲಿ ಆ ಜೋಪಾನ! ಕಿಟಕಿಯ ಸರಳು ಹಿಡಿದು ನಿಂತು ನಿಂತು ನನ್ನ ಅಂಗೈ ತುಕ್ಕು ವಾಸನೆ ಹೊಡೆಯುತ್ತಿತ್ತು. ಅನ್ನ ಸೇರದೆ ಸೊರಗಿ ಆಸ್ಪತ್ರೆಗೆ ಹೋದಾಗ, ಅಲ್ಲಿನ ನರ್ಸೊಬ್ಬಳು ಇಬ್ಬರನ್ನೂ ರುಕ್ಕಮ್ಮನವರ ಹತ್ತಿರ ಕಳಿಸಿದಳು.

ಮಾವ ಆಫೀಸಿನಲ್ಲಿ ಅರ್ಜಿ ಕೊಡುವವನಂತೆ ತಮಿಳಿನಲ್ಲಿ ಶುರುಮಾಡಿದ. ಎಲ್ಲವೂ ಅವಳ ಒಳ್ಳೆಯದಕ್ಕೇ ಅಂತ ಚೆನ್ನಾಗಿಯೇ ವಿವರಿಸಿದ. ರುಕ್ಕಮ್ಮ ಕೈಯೆತ್ತಿ ತಡೆದರು.

"ತಮಿಳು ಬ್ಯಾಡ ಕಣಪ್ಪ. ಮನೇಲಿ ಬಯ್ಯೋದು ಕನ್ನಡದಾಗೆ ತಾನೆ? ಅದ್ರಾಗೇ ಏಳು."

ಮಾವ ತಡವರಿಸಿದ.

"ಈ ಕೂಸ್ನ ಎತ್ತಾಡ್ಸಿದೋನು ನೀನು. ಆಗ ಏನಂತ ಕರೀತಿದ್ದೆ?"

ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು "ಚಿನ್ನಿ" ಅಂದ.

"ಚಿನ್ನೀನ ಯಾಕಪ್ಪ ಕೂಡಾಕ್ದೆ?"

ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. "ಬುಟ್ ಓಗ್ಬುಡ್ತಾಳೆ ಅಂತ ಭಯ ಅಮ್ಮ."

ಆಮೇಲೆ ಕೆಲವು ದಿನ ಬೀಗ ಗೋಡೆಯ ಮೊಳೆಯಲ್ಲಿ ನೇತಾಡಿತು. ಮತ್ತೆ ಬಾಗಿಲಿಗೆ ಬಂತು. ಮುಂದಿನ ಸಲ ಹೋದಾಗ ನಾನು ರುಕ್ಕಮ್ಮನವರ ಮಡಿಲಲ್ಲಿ ಬಿದ್ದು ಅತ್ತೆ. ದೇವರನ್ನು ನಂಬಿದ ಹೆಂಗಸು, ತಾಳಿಕೋ ಅನ್ನುತ್ತಾರೇನೋ ಅಂದುಕೊಂಡಿದ್ದೆ. ಅವರು ನನ್ನ ತಲೆ ಸವರುತ್ತಾ ಹೇಳಿದರು: "ತಾಳ್ಕೊ ಅಂತ ನಾನ್ ಏಳಾಕಿಲ್ಲ. ಅವನ್ ಭಯಕ್ಕೆ ಮದ್ದು ನೋಡಾಣ. ಆಗ್ದಿದ್ರೆ ಎದ್ ಬಂದ್ಬುಡು. ಇದೇ ನಿನ್ ತವರು ಅನ್ಕೊ." ಆ ಒಂದು ಮಾತು ಹಿಡಿದುಕೊಂಡು ಬದುಕಿದೆ ನಾನು.

ರುಕ್ಕಮ್ಮನವರು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಕಿಟಕಿಯಲ್ಲಿ. ಪಕ್ಕದ ಮನೆಯಾಕೆ ಸರಳಿನಾಚೆ ನಿಂತು ಹೇಳಿದಳು. ಬಾಗಿಲು ಬಡಿದೆ, ಬಡಿದೆ. ಮಾವ ಧರ್ಮಪುರಿಯಿಂದ ಬರುವಷ್ಟರಲ್ಲಿ ಅಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅಯ್ಯೋ, ಮುಖ ಕೂಡ ನೋಡಲಿಲ್ಲವಲ್ಲ! ಮಾವ ನನ್ನ ಊದಿದ ಕೈಗಳನ್ನು ನೋಡಿದ. ಬೀಗದ ಕೈಯನ್ನು ತಂದು ನನ್ನ ಸೆರಗಿಗೆ ಗಂಟು ಹಾಕಿದ.

ಮರುದಿನ ಮನೆಗೆ ನಾನೇ ಬೀಗ ಹಾಕಿದೆ; ಇಬ್ಬರೂ ಬಸ್ಸಿನಲ್ಲಿ ನಲ್ಲಂಪಳ್ಳಿಗೆ ಹೋದೆವು. ಸೇಲಂನಿಂದ ಬಂದಿದ್ದ ಅವರ ಮಗ ಆ ಕೋಣೆಗೆ ಹೊಸ ಚಿಲಕ ಹೊಡೆಸಿ ಬೀಗ ಹಾಕಿಸಿದ್ದ. ರುಬ್ಬುಗುಂಡು ಅಂಗಳದಲ್ಲಿ ಬಿದ್ದಿತ್ತು. ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

"ನಡಿ ಚಿನ್ನಿ, ಮನೆಗೆ ಓಗಾಣ" ಅಂದ ಮಾವ.

"ನೀ ಓಗು ಮಾವ. ತವರಿಗೆ ಬಂದಿವ್ನಿ, ಈಗ್ಲೇ ಬರಾಕಿಲ್ಲ."

ಅವನು ಒಬ್ಬನೇ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಮನೆಯ ಬೀಗದ ಕೈ ನನ್ನ ಸೆರಗಿನಲ್ಲೇ ಇತ್ತು.