ತಳವಿಲ್ಲದ ಜಾಗ

ಸರಸ್ವತಿಪುರಂ ಕಡೆಯ ಕೆರೆಯಲ್ಲಿ ಜೊಂಡು ತೆಗೆಯುವ ದೋಣಿ ಶಿವರಾಮುವಿನದು. ಬೆಳಗ್ಗೆ ವಾಕಿಂಗ್ ಬರುವವರೆಲ್ಲ ಅವನನ್ನು ಬಲ್ಲರು, ಅವನ ಬಾಯನ್ನಂತೂ ಇನ್ನೂ ಚೆನ್ನಾಗಿ ಬಲ್ಲರು. ಕೆರೆಯ ನಡುವೆ ಒಂದು ಕಡೆ ತಳವೇ ಇಲ್ಲವೆಂಬ ಕತೆಯನ್ನು ಅವನಿಂದ ಕೇಳದೆ ಪಾರಾದವರು ಆ ಏರಿಯ ಮೇಲೆ ಯಾರೂ ಇಲ್ಲ. ಅವನ ಅಪ್ಪನೂ ಇದೇ ದೋಣಿಯ ಕೆಲಸದವನು. ಮಗನನ್ನು ಮೊದಲ ಸಲ ಹತ್ತಿಸಿಕೊಂಡು ಹೋದಾಗ ಅಲ್ಲಿ ಬಿದಿರು ಗಳ ಇಳಿಸಿ ತೋರಿಸಿದ್ದ. ಗಳ ಮುಗಿಯಿತು, ಅಪ್ಪನ ತೋಳೂ ಮುಗಿಯಿತು, ನೆಲ ಸಿಗಲಿಲ್ಲ. "ಇತ್ಲಾಗ್ ಬರಬ್ಯಾಡ ಕಣ್ಲಾ" ಅಂದಿದ್ದ. ತಲೆ ನರೆತರೂ ಶಿವರಾಮು ಆ ಜಾಗಕ್ಕೆ ಹೋಗದೆ ಸುತ್ತು ಬಳಸಿಕೊಂಡೇ ಓಡಾಡಿದ. ಜನರ ಮುಂದೆ ಜಂಬ, ಒಳಗೆ ಪುಕುಪುಕು.

ದಸರಾ ಮುಗಿದ ಮರುದಿನ ಧರಣಿ ಬಂದಳು. ಕೆರೆಯಲ್ಲಿ ಹೂಳೆಷ್ಟಿದೆಯೆಂದು ಅಳೆಯುವ ಹುಡುಗಿ. ಹಬ್ಬಕ್ಕೆ ಮೊದಲೇ ದೋಣಿಗೆ ಸಾಮಾನು ಜೋಡಿಸಿ ಹೋಗಿದ್ದಳು: ದೋಣಿ ಎಲ್ಲಿದೆಯೆಂದು ತಿಳಿಸುವ ಜಿಪಿಎಸ್, ಆಳ ನೋಡಲು ನೀರಿನಲ್ಲಿ ಮುಳುಗಿರುವ ಕರಿ ಗುಂಡು, ಎರಡರ ಸುದ್ದಿಯನ್ನೂ ವೈಫೈನಲ್ಲಿ ಕಳಿಸುವ ಪುಟ್ಟ ಡಬ್ಬಿ. ಈಗ ದೋಣಿಯಲ್ಲಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಪರದೆಯ ಮೇಲೆ ಕೆರೆಯ ನಕ್ಷೆ, ಅದರೊಳಗೊಂದು ಚಿಕ್ಕ ದೋಣಿ. ಶಿವರಾಮು ಹುಟ್ಟು ಹಾಕಿದರೆ ಅದೂ ಹೊರಟಿತು, ನಿಲ್ಲಿಸಿದರೆ ನಿಂತಿತು.

"ವೈರೇ ಇಲ್ವಲ್ಲವ್ವಾ?"

"ಗಾಳೀಲೇ ಬರುತ್ತೆ ಶಿವರಾಮಣ್ಣ."

ಅವನು ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ ಕೈಯಾಡಿಸಿ ನೋಡಿದ. ಕೈಗೆ ಏನೂ ತಗುಲಲಿಲ್ಲ. ಅವನ ಮೈ ಜುಮ್ಮೆಂದಿತು.

ಆದರೆ ಆಳ ತೋರಿಸಬೇಕಾದ ಕಡೆ ಅಂಕಿಯ ಬದಲು ಬರೀ ಗೀಟುಗಳು. ಧರಣಿ ಡಬ್ಬಿಯನ್ನು ಆರಿಸಿ ಹಚ್ಚಿದಳು, ವೈಫೈ ಕಡಿದು ಮತ್ತೆ ಸೇರಿಸಿದಳು. ಗೀಟು ಗೀಟಾಗಿಯೇ ಉಳಿಯಿತು. "ಜಿಪಿಎಸ್ ಬರ್ತಿದೆ, ಆಳ ಮಾತ್ರ ಬರ್ತಿಲ್ಲ. ಇವತ್ತು ಆಗಲ್ಲ, ವಾಪಸ್ ಹೋಗೋಣ" ಅಂದಳು.

ಶಿವರಾಮುವಿಗೆ ಅನುಮಾನ ಬಂತು. ಆಯುಧಪೂಜೆಯ ದಿನ ದೋಣಿಯನ್ನು ದಡಕ್ಕೆಳೆದು ತೊಳೆದು, ಹುಟ್ಟು, ಗಳ, ಕುಡುಗೋಲಿಗೆಲ್ಲ ಅರಿಸಿನ ಕುಂಕುಮ ಇಟ್ಟ ಮನುಷ್ಯ ಹೊಸದಾಗಿ ಬಂದ ಗುಂಡನ್ನು ಹೇಗೆ ಬಿಟ್ಟಾನು? ಅದಕ್ಕೂ ಸೇವಂತಿಗೆ ಹಾರವನ್ನು ಬಿಗಿಯಾಗಿ ಸುತ್ತಿದ್ದ. "ಪೂಜೆ ಹೂವ ಬಾಡೋವರ್ಗೂ ಕೀಳ್ಬ್ಯಾಡಿ" ಎಂದು ಹೆಂಡತಿ ಶಿವನಂಜಮ್ಮ ಬೇರೆ ಹೇಳಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಹೂವೂ ಉಳಿಯುತ್ತಿತ್ತು, ಕತೆಯೂ ಉಳಿಯುತ್ತಿತ್ತು, ಆ ಜಾಗದ ಮೇಲೆ ದೋಣಿ ಹಾಯಿಸುವುದೂ ತಪ್ಪುತ್ತಿತ್ತು. ಆದರೆ ಇಷ್ಟು ವರ್ಷ ತಾನು ಹೆದರಿದ್ದು ಯಾವುದಕ್ಕೆಂದು ತಿಳಿಯದೆಯೇ ಸಾಯಬೇಕಲ್ಲ!

"ಆ ಗುಂಡ್ಗೆ ಹೂವ ಕಟ್ಬುಟ್ಟಿವ್ನಿ ಕಣಮ್ಮ" ಅಂದ, ಮುಖ ಆಚೆ ತಿರುಗಿಸಿಕೊಂಡು.

ಧರಣಿಗೆ ನಗು ತಡೆಯಲಿಲ್ಲ. "ಗುಂಡು ಕಳಿಸೋ ಶಬ್ದ ನೆಲ ಮುಟ್ಟಿ ವಾಪಸ್ ಬರಬೇಕು ಶಿವರಾಮಣ್ಣ. ಹೂವಿನೊಳಗೆ ಸಿಕ್ಕಿಕೊಂಡ ಗಾಳಿ ತಡೆದ್ರೆ ಶಬ್ದ ಎಲ್ಲಿ ಹೋಗುತ್ತೆ?"

ಅವನು ದೇವಿಯ ಬೆಟ್ಟದ ಕಡೆ ತಿರುಗಿ "ತಪ್ಪಾಯ್ತು ತಾಯಿ" ಎಂದು ಕೈಮುಗಿದು, ಗುಂಡನ್ನು ಮೇಲೆತ್ತಿ ಹಾರ ಬಿಚ್ಚಿದ. ಗೀಟುಗಳು ಹೋಗಿ ಅಂಕಿ ಬಂತು. ಈಗ ನೆಪಗಳೆಲ್ಲ ಮುಗಿದಿದ್ದವು. ಉಸಿರು ಬಿಗಿಹಿಡಿದು ನಡುವಿನತ್ತ ಹುಟ್ಟು ಹಾಕಿದ. ಪರದೆಯ ಮೇಲೆ ನೆಲದ ಗೆರೆ ಇಳಿಯಿತು, ಇನ್ನೂ ಇಳಿಯಿತು. ಆಮೇಲೆ ಗೆರೆ ಮಟ್ಟಸವಾಗಿ ನಿಂತಿತು.

"ಇಲ್ಲೇ ನೋಡಿ ತಳ. ಇಪ್ಪತ್ತೆರಡಡಿ, ಅಷ್ಟೇ."

ಅಪ್ಪನ ಗಳ ಇನ್ನೊಂದು ಆಳುದ್ದ ಇದ್ದಿದ್ದರೆ ಮುಟ್ಟುತ್ತಿತ್ತು. ಶಿವರಾಮು ಆ ಗೆರೆಯನ್ನೇ ನೋಡಿದ. ಅಪ್ಪ ಹೆದರಿದಾಗಲೂ, ತಾನು ಸುತ್ತು ಬಳಸಿಕೊಂಡು ಹೋದಾಗಲೂ, ಅಷ್ಟೂ ನೀರನ್ನು ಹೊತ್ತುಕೊಂಡು ನೆಲ ಇಲ್ಲೇ ಇತ್ತು. ಅವನ ಕಣ್ಣು ತುಂಬಿ ಬಂತು.

"ನೆಲ ಐತೆ ಕಣಮ್ಮ" ಅಂದ. "ನಮ್ಮಪ್ಪಂಗೆ ಗೊತ್ತಾಗ್ಲೇ ಇಲ್ಲ."

ಹಾರವನ್ನು ಅಲ್ಲಿಯೇ ನೀರಿಗೆ ಬಿಟ್ಟ. ಆಚೆ ದಡ ಮುಟ್ಟಿದ ಮೇಲೆ, ಇನ್ನೊಂದು ಸಾಲು ಅಳೆಯಬೇಕೆಂದು ಧರಣಿ ಹೇಳಿದಾಗ, ಬಳಸಿ ಹೋಗದೆ ಆ ಹೂವಿನ ಮೇಲೆಯೇ ದೋಣಿ ತಿರುಗಿಸಿದ.